ಒತ್ತಿದರೆ ಹಿಗ್ಗುವ, ಮುಚ್ಚಿಕೊಳ್ಳುವ, ಕುಸಿಯುವ ಸರಂಧ್ರ ಸ್ಫಟಿಕಗಳು: ಯಾವ ಕೆಲಸಕ್ಕೆ ಯಾವುದು?

ಜಿಫ್-8 ಸತು ಮತ್ತು ಮೀಥೈಲ್ ಇಮಿಡಜೋಲೇಟ್ ಎಂಬ ಸಾವಯವ ಅಣು ಸೇರಿ ಆದ, ಒಳಗೆಲ್ಲ ಅಣುಗಾತ್ರದ ರಂಧ್ರಗಳಿರುವ ಸ್ಫಟಿಕ. ಅದನ್ನು ಮೆಥನಾಲ್-ಎಥನಾಲ್ ಮಿಶ್ರಣದಲ್ಲಿ ಮುಳುಗಿಸಿ 0.18 ಗಿಗಾಪಾಸ್ಕಲ್ (1 ಗಿಗಾಪಾಸ್ಕಲ್ ಎಂದರೆ 1000 ಮೆಗಾಪಾಸ್ಕಲ್, ವಾತಾವರಣದ ಒತ್ತಡದ ಸುಮಾರು ಹತ್ತು ಸಾವಿರ ಪಟ್ಟು) ಒತ್ತಡ ಕೊಟ್ಟರೆ ಅದರ ಯೂನಿಟ್ ಸೆಲ್, ಅಂದರೆ ಸ್ಫಟಿಕದಲ್ಲಿ ಮತ್ತೆ ಮತ್ತೆ ಬರುವ ಮೂಲ ಘಟಕ, ಕುಗ್ಗುವ ಬದಲು ಹಿಗ್ಗುತ್ತದೆ. 1.47 ಗಿಗಾಪಾಸ್ಕಲ್ ತಲುಪುವಾಗ ಇಮಿಡಜೋಲೇಟ್ ಉಂಗುರಗಳು ಹೊರಳಿ, ರಂಧ್ರದೊಳಗೆ ಹೋಗುವ ದಾರಿಯಾದ ಕಿಟಕಿಗಳು ಇನ್ನಷ್ಟು ತೆರೆದುಕೊಂಡ ಹೊಸ ರೂಪ ಬರುತ್ತದೆ. ಇದೇ ಪುಡಿಯನ್ನು ರಂಧ್ರದೊಳಗೆ ನುಗ್ಗಲಾರದ ದ್ರವದಲ್ಲಿಟ್ಟು ಒತ್ತಿದರೆ ಕತೆ ಬೇರೆ. ಸುಮಾರು 0.34 ಗಿಗಾಪಾಸ್ಕಲ್‌ಗೆ ಸ್ಫಟಿಕ ಕ್ರಮ ಕುಸಿದು ಅಸ್ಫಟಿಕವಾಗುತ್ತದೆ, ಒತ್ತಡ ತೆಗೆದರೂ ಮರಳುವುದಿಲ್ಲ. ಎರಡೂ ವರದಿಗಳು 2009ರವು, ಎರಡೂ ಸರಿ.

ಹಾಗಾಗಿ ‘ಈ ಪದಾರ್ಥ ಒತ್ತಡಕ್ಕೆ ಹೇಗೆ ವರ್ತಿಸುತ್ತದೆ’ ಎಂದಷ್ಟೇ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ದ್ರವದಲ್ಲಿ, ಎಷ್ಟು ಒತ್ತಡದವರೆಗೆ, ರಂಧ್ರದಲ್ಲಿ ಏನಿದ್ದಾಗ ಎಂಬುದೂ ಪ್ರಶ್ನೆಯ ಭಾಗವೇ. ಪದಾರ್ಥವನ್ನು ಮೊದಲು ಗೊತ್ತುಮಾಡಿ, ದ್ರವ ಮತ್ತು ಸಾಧನವನ್ನು ಲ್ಯಾಬಿನಲ್ಲಿ ಕೈಗೆ ಸಿಕ್ಕಿದ್ದರಿಂದ ಹೊಂದಿಸಿಕೊಳ್ಳುವುದು ಸಾಮಾನ್ಯ ರೂಢಿ. ಈ ಮಾರ್ಗದರ್ಶಿ ಅದಕ್ಕೆ ತದ್ವಿರುದ್ಧ ಕ್ರಮದಲ್ಲಿ ಸಾಗುತ್ತದೆ.

ಮೊದಲು ದ್ರವ

ಒಂದು ಮೂಲ ನಿಯಮ ತಲೆಯಲ್ಲಿರಲಿ. ಒಳಗೆ ಏನೂ ಬರದೆ, ಏನೂ ಹೊರಹೋಗದೆ ಇರುವ ವಸ್ತುವಿನ ಒಟ್ಟು ಘನಗಾತ್ರ ಒತ್ತಡ ಹೆಚ್ಚಿದಂತೆ ಕಡಿಮೆಯಾಗಲೇಬೇಕು. ಉಷ್ಣಬಲ ವಿಜ್ಞಾನ ಇಲ್ಲಿ ರಿಯಾಯಿತಿ ಕೊಡುವುದಿಲ್ಲ. ಒಂದು ದಿಕ್ಕಿನಲ್ಲಿ ಉದ್ದ ಹೆಚ್ಚಬಹುದು, ಎರಡು ದಿಕ್ಕಿನಲ್ಲೂ ಹೆಚ್ಚಬಹುದು, ಒಟ್ಟು ಘನಗಾತ್ರ ಮಾತ್ರ ಹೆಚ್ಚದು. ‘ಒತ್ತಿದಾಗ ಘನಗಾತ್ರವೇ ಹಿಗ್ಗಿತು’ ಎಂಬ ಫಲಿತಾಂಶ ಕಂಡರೆ ದ್ರವದ ಅಣುಗಳು ಒಳಗೆ ಹೊಕ್ಕಿವೆ ಎಂದೇ ಅರ್ಥ. ಆಗ ನೀವು ಅಳೆಯುತ್ತಿರುವುದು ಚೌಕಟ್ಟಿನ (ರಂಧ್ರಗಳನ್ನು ಸುತ್ತುವರಿದ ಸ್ಫಟಿಕ ಜಾಲದ) ಗಡಸುತನವನ್ನಲ್ಲ, ಚೌಕಟ್ಟು ಮತ್ತು ಒಳಹೊಕ್ಕ ಅತಿಥಿ ಅಣುಗಳು ಸೇರಿದ ಜೋಡಿಯ ಗಡಸುತನವನ್ನು.

ಎಚ್‌ಕೆಯುಎಸ್‌ಟಿ-1 ಎಂಬ ತಾಮ್ರದ ಚೌಕಟ್ಟು ಇದಕ್ಕೆ ಒಳ್ಳೆಯ ಉದಾಹರಣೆ. ನುಗ್ಗದ ದ್ರವದಲ್ಲಿ ಅದರ ಬಲ್ಕ್ ಮಾಡ್ಯುಲಸ್ (ಎಲ್ಲ ಕಡೆಯಿಂದ ಒತ್ತಿದಾಗ ತೋರುವ ಗಡಸುತನದ ಅಳತೆ) ಸುಮಾರು 30 ಗಿಗಾಪಾಸ್ಕಲ್. ಚಿಕ್ಕ ಅಣುಗಳ ಆಲ್ಕೊಹಾಲಿನಲ್ಲಿ ಆರಂಭದ ಹಂತದಲ್ಲಿ ಅದು ಹಲವು ಪಟ್ಟು ಹೆಚ್ಚು ಗಡುಸಾಗಿ ತೋರುತ್ತದೆ. ಒತ್ತಡ ಏರಿದಂತೆ ರಂಧ್ರಕ್ಕೆ ಇನ್ನಷ್ಟು ಅಣುಗಳು ತುಂಬಿ ಒಳಗಿನಿಂದ ಆಸರೆ ಕೊಡುವುದೇ ಕಾರಣ. ಇನ್ನು ಹಿಡಿಸುವುದಿಲ್ಲ ಎನ್ನುವ ಹಂತ ದಾಟಿದ ಮೇಲೆ ಸ್ಫಟಿಕ ಮಾಮೂಲಿಯಂತೆ ಕುಗ್ಗತೊಡಗುತ್ತದೆ.

ಕಿಟಕಿಯ ಅಳತೆ ನೋಡಿ ದ್ರವ ನುಗ್ಗುತ್ತದೋ ಇಲ್ಲವೋ ಹೇಳುವುದು ಅಪಾಯ. ಜಿಫ್-8ರ ಕಿಟಕಿ ಸ್ಫಟಿಕ ರಚನೆಯ ಪ್ರಕಾರ 3.4 ಆಂಗ್‌ಸ್ಟ್ರಾಮ್ (0.34 ನ್ಯಾನೊಮೀಟರ್). ಅದಕ್ಕಿಂತ ದೊಡ್ಡದಾದ ನೈಟ್ರೋಜನ್ ಅಣು ಸಲೀಸಾಗಿ ಒಳಹೋಗುತ್ತದೆ, ಏಕೆಂದರೆ ಲಿಂಕರ್‌ಗಳು, ಅಂದರೆ ಲೋಹಗಳನ್ನು ಜೋಡಿಸುವ ಸಾವಯವ ಅಣುಗಳು, ಬಾಗಿಲಿನ ಹಾಗೆ ತಿರುಗುತ್ತವೆ. ಎಕ್ಸ್-ಕಿರಣ ತೋರಿಸುವುದು ಅವುಗಳ ಸರಾಸರಿ ಸ್ಥಾನವನ್ನಷ್ಟೇ. ಹೀಲಿಯಂ ಅಂತೂ ಸಿಲಿಕಾ ಗಾಜಿನೊಳಗೇ ಹೋಗುತ್ತದೆ. ಅದನ್ನು ‘ಜಡ ಮಾಧ್ಯಮ’ ಎಂದು ನಂಬಿ ಸರಂಧ್ರ ಸ್ಫಟಿಕಕ್ಕೆ ಬಳಸುವುದರಲ್ಲಿ ಅರ್ಥವಿಲ್ಲ.

ಎರಡನೆಯ ಮಾನದಂಡ ಹೈಡ್ರೊಸ್ಟ್ಯಾಟಿಕ್ ಮಿತಿ. ಆ ಒತ್ತಡ ದಾಟಿದರೆ ದ್ರವ ಗಟ್ಟಿಯಾಗಿ ಎಲ್ಲ ದಿಕ್ಕಿಗೂ ಸಮನಾಗಿ ಒತ್ತುವುದಿಲ್ಲ. ಕೋಣೆಯ ತಾಪಮಾನದಲ್ಲಿ ಬಳಕೆಯಲ್ಲಿರುವ ಮಿತಿಗಳು ಹೀಗಿವೆ:

| ಮಾಧ್ಯಮ | ಮಿತಿ (ಗಿಗಾಪಾಸ್ಕಲ್) | ರಂಧ್ರದೊಳಗೆ? |
|---|---|---|
| ಮೆಥನಾಲ್-ಎಥನಾಲ್ 4:1 | ಸುಮಾರು 9.8 | ಬಹುತೇಕ ನುಗ್ಗುತ್ತದೆ |
| ಐಸೊಪ್ರೊಪನಾಲ್ | 4.2 | ಹಲವು ಚೌಕಟ್ಟುಗಳಲ್ಲಿ ನುಗ್ಗುತ್ತದೆ |
| ನೈಟ್ರೋಜನ್ | 3.0 | ನುಗ್ಗುತ್ತದೆ |
| ಆರ್ಗಾನ್ | 1.9 | ನುಗ್ಗುತ್ತದೆ |
| ಗ್ಲಿಸರಾಲ್ | 1.4 | ಕಿಟಕಿಯನ್ನು ಅವಲಂಬಿಸಿದೆ |
| ಫ್ಲೋರಿನರ್ಟ್ (3ಎಂ ಕಂಪನಿಯ ಫ್ಲೋರಿನ್ ದ್ರವಗಳು) ಎಫ್‌ಸಿ-70 ಮತ್ತು ಎಫ್‌ಸಿ-77, ಸಮಪಾಲು | ಸುಮಾರು 1 | ಚಿಕ್ಕ ಕಿಟಕಿಗಳಲ್ಲಿ ಇಲ್ಲ |
| ಸಿಲಿಕೋನ್ ಎಣ್ಣೆ | ಸುಮಾರು 0.9, ಎಣ್ಣೆಯ ದರ್ಜೆಯಂತೆ ಬದಲು | ಚಿಕ್ಕ ಕಿಟಕಿಗಳಲ್ಲಿ ಇಲ್ಲ |

ಚೌಕಟ್ಟಿನದ್ದೇ ಗುಣ ಬೇಕಿದ್ದರೆ ಒಳನುಗ್ಗದ ದ್ರವ ಆರಿಸಿ, 1 ಗಿಗಾಪಾಸ್ಕಲ್ ಒಳಗೇ ಇರಿ. ಅದಕ್ಕಿಂತ ಮೇಲಿನ ಅಂಕಿಗಳನ್ನು ಸಿಲಿಕೋನ್ ಎಣ್ಣೆಯಲ್ಲಿ ಅಳೆದಿದ್ದರೆ, ಅಸ್ಫಟಿಕವಾದದ್ದು ಶುದ್ಧ ಒತ್ತಡಕ್ಕೋ ಗಟ್ಟಿಯಾದ ಎಣ್ಣೆ ಹುಟ್ಟಿಸಿದ ಶಿಯರ್‌ಗೋ (ಪದರಗಳನ್ನು ಒಂದರ ಮೇಲೊಂದು ಜಾರಿಸುವ ಬಲಕ್ಕೋ) ಎಂದು ಬಿಡಿಸಿ ಹೇಳುವುದು ಕಷ್ಟ. ಜಿಫ್-8ರ ಶಿಯರ್ ಮಾಡ್ಯುಲಸ್ 1 ಗಿಗಾಪಾಸ್ಕಲ್‌ಗೂ ಕಡಿಮೆ (0.97), ಬಲ್ಕ್ ಮಾಡ್ಯುಲಸ್ 7.7. ಅಂದರೆ ಶಿಯರ್ ಇದರ ದುರ್ಬಲ ಜಾಗ.

ಸಿಲಿಕೋನ್ ಎಣ್ಣೆ ಎಲ್ಲೂ ನುಗ್ಗದು ಎಂಬುದೂ ಅರ್ಧಸತ್ಯ. ಅದು ಉದ್ದನೆಯ ಸರಪಳಿ ಅಣು. ಮಿಲ್-101ರಂಥ 29-34 ಆಂಗ್‌ಸ್ಟ್ರಾಮ್ ಪಂಜರಗಳಿರುವ ಸ್ಫಟಿಕದಲ್ಲಿ ಸರಪಳಿಯ ತುದಿ ಒಳಗಿಳಿಯಬಹುದು. ಫ್ಲೋರಿನರ್ಟ್ ವಿಷಯದಲ್ಲಿ ಇನ್ನೊಂದು ಮಾತು. 3ಎಂ ಕಂಪನಿ ಈ ಜಾತಿಯ ಫ್ಲೋರಿನ್ ರಾಸಾಯನಿಕಗಳ ತಯಾರಿಕೆಯನ್ನು 2025ರ ಕೊನೆಗೆ ನಿಲ್ಲಿಸುವುದಾಗಿ 2022ರ ಡಿಸೆಂಬರಿನಲ್ಲೇ ಹೇಳಿತ್ತು. ಹೊಸದಾಗಿ ಪ್ರಯೋಗಮಾಲೆ ಶುರುಮಾಡುವವರು ಬದಲಿ ಮಾಧ್ಯಮವನ್ನು ಈಗಲೇ ಪರೀಕ್ಷಿಸಿಟ್ಟುಕೊಳ್ಳುವುದು ಜಾಣತನ.

ಒತ್ತಡ ಕೊಡುವ ಸಾಧನ

ಹೆಚ್ಚು ಒತ್ತಡ ಎಂದ ತಕ್ಷಣ ಎಲ್ಲರ ಕೈ ಎರಡು ವಜ್ರದ ತುದಿಗಳ ನಡುವೆ ಮಾದರಿಯನ್ನು ಒತ್ತುವ ಡೈಮಂಡ್ ಆನ್ವಿಲ್ ಸೆಲ್ ಕಡೆ ಹೋಗುತ್ತದೆ. ಮೃದುವಾದ ಸರಂಧ್ರ ಸ್ಫಟಿಕಗಳಿಗೆ ಅದು ಹಲವು ಸಲ ತಪ್ಪು ಆಯ್ಕೆ. ಇವುಗಳ ಕುತೂಹಲಕರ ಬದಲಾವಣೆಗಳಲ್ಲಿ ಹೆಚ್ಚಿನವು 10 ರಿಂದ 400 ಮೆಗಾಪಾಸ್ಕಲ್ ನಡುವೆ ನಡೆದುಹೋಗುತ್ತವೆ. ಆನ್ವಿಲ್ ಸೆಲ್‌ನಲ್ಲಿ ಸ್ಕ್ರೂ ಒಂದು ಸಲ ತಿರುಗಿಸಿದರೇ ಅಷ್ಟು ಒತ್ತಡ ದಾಟಿಬಿಡಬಹುದು.

ಆನ್ವಿಲ್ ಸೆಲ್‌ನಲ್ಲಿ ಮಾದರಿಯ ಜೊತೆಗಿಟ್ಟ ಮಾಣಿಕ್ಯದ ಹೊಳಪಿನಿಂದ ಒತ್ತಡ ಓದುವ ವಿಧಾನದ ಲೆಕ್ಕ ನೋಡಿ. ಸಾಮಾನ್ಯ ಒತ್ತಡದಲ್ಲಿ 694.2 ನ್ಯಾನೊಮೀಟರ್‌ನಲ್ಲಿರುವ ಆರ್1 ಎಂಬ ಹೊಳಪಿನ ರೇಖೆ ಪ್ರತಿ ಗಿಗಾಪಾಸ್ಕಲ್‌ಗೆ ಸುಮಾರು 0.365 ನ್ಯಾನೊಮೀಟರ್ ಸರಿಯುತ್ತದೆ. ಅದೇ ರೇಖೆ ತಾಪಮಾನ ಒಂದು ಡಿಗ್ರಿ ಏರಿದರೂ ಸುಮಾರು 0.007 ನ್ಯಾನೊಮೀಟರ್ ಸರಿಯುತ್ತದೆ. ಕೋಣೆ 10 ಡಿಗ್ರಿ ಬಿಸಿಯಾದರೆ ಸುಮಾರು 0.19 ಗಿಗಾಪಾಸ್ಕಲ್ ಒತ್ತಡ ಬಂದಂತೆ ಕಾಣುತ್ತದೆ. ಜಿಫ್-8 ಕುಸಿಯುವ ಒತ್ತಡದ ಅರ್ಧಕ್ಕಿಂತ ಹೆಚ್ಚು! ಮಾಣಿಕ್ಯವನ್ನೇ ನೆಚ್ಚುವುದಾದರೆ ಶೂನ್ಯ ಒತ್ತಡದ ಓದನ್ನು ಅದೇ ದಿನ, ಅದೇ ತಾಪಮಾನದಲ್ಲಿ ತೆಗೆಯಿರಿ. ಲೇಸರಿನ ಶಕ್ತಿ ತಗ್ಗಿಸಿ.

ಆದರೂ ಒಂಟಿ ಹರಳಿನ ರಚನೆ ಬೇಕಿದ್ದರೆ, ಅಥವಾ 0.5 ಗಿಗಾಪಾಸ್ಕಲ್‌ಗಿಂತ ಮೇಲೆ ಹೋಗಬೇಕಿದ್ದರೆ ಆನ್ವಿಲ್ ಸೆಲ್ ಬಿಟ್ಟರೆ ದಾರಿಯಿಲ್ಲ. 5 ಗಿಗಾಪಾಸ್ಕಲ್ ದಾಟುವ ಉದ್ದೇಶವಿಲ್ಲದಿದ್ದರೆ ವಜ್ರದ ತುದಿ 600-800 ಮೈಕ್ರಾನ್ ಅಗಲವಿರಲಿ. ವಜ್ರಗಳ ನಡುವೆ ಮಾದರಿಯನ್ನು ಸುತ್ತುವರಿಯುವ 250 ಮೈಕ್ರಾನ್ ದಪ್ಪದ ಸ್ಟೀಲ್ ಗ್ಯಾಸ್ಕೆಟನ್ನು ಮೊದಲೇ 100 ಮೈಕ್ರಾನ್ ಆಸುಪಾಸಿಗೆ ಒತ್ತಿ, ನಡುವೆ 250-300 ಮೈಕ್ರಾನ್ ರಂಧ್ರ ಕೊರೆಯಿರಿ. ಹರಳು ಗ್ಯಾಸ್ಕೆಟಿನ ದಪ್ಪದ ಅರ್ಧ ಮೀರಬಾರದು. ಗ್ಯಾಸ್ಕೆಟ್ ತೆಳುವಾಗುತ್ತಾ ಹೋದಂತೆ ದೊಡ್ಡ ಹರಳು ಎರಡು ವಜ್ರಗಳ ನಡುವೆ ಸೇತುವೆಯಾಗಿ ನಿಲ್ಲುತ್ತದೆ. ಆಮೇಲೆ ಬರುವ ‘ಅಸಾಮಾನ್ಯ ಬದಲಾವಣೆ’ ಕೇವಲ ಬಿರುಕು. ಪ್ರತಿ ಹಂತದ ನಂತರ ಕನಿಷ್ಠ 20-30 ನಿಮಿಷ ಬಿಡಿ. ಅತಿಥಿ ಅಣುಗಳು ಒಳಹೋಗಲು ಸಮಯ ಬೇಕು.

ಪುಡಿಗೆ, 0.4 ಗಿಗಾಪಾಸ್ಕಲ್‌ವರೆಗೆ, ಎರಡು ಉತ್ತಮ ದಾರಿಗಳಿವೆ. ಒಂದು, ಸಿಂಕ್ರೊಟ್ರಾನ್ ಯಂತ್ರದ ತೀವ್ರ ಎಕ್ಸ್-ಕಿರಣದ ದಾರಿಯಲ್ಲಿಡುವ ಹೈಡ್ರಾಲಿಕ್ ಸೆಲ್. ಇದರಲ್ಲಿ ಒತ್ತಡವನ್ನು ಗೇಜಿನಿಂದಲೇ ಓದಬಹುದು, ಕೆಲವೇ ಮೆಗಾಪಾಸ್ಕಲ್ ಹೆಜ್ಜೆಗಳಲ್ಲಿ ಏರಿಸಬಹುದು. ಇನ್ನೊಂದು, ರಂಧ್ರ ಅಳೆಯಲು ಇರುವ ಪಾದರಸ ಪೊರೊಸಿಮೀಟರ್.

ಪಾದರಸದ ಉಪಾಯ ಸೊಗಸಾಗಿದೆ. 414 ಮೆಗಾಪಾಸ್ಕಲ್ ಗರಿಷ್ಠ ಒತ್ತಡದಲ್ಲೂ ಅದು ಸುಮಾರು 3.6 ನ್ಯಾನೊಮೀಟರ್‌ಗಿಂತ ಕಿರಿದಾದ ರಂಧ್ರಕ್ಕೆ ಹೋಗಲಾರದು. ಆದ್ದರಿಂದ ಅದಕ್ಕಿಂತ ಕಿರಿದಾದ ರಂಧ್ರಗಳ ಮಿಲ್-53ರಂಥ ಚೌಕಟ್ಟಿಗೆ (ಇದರ ವಿವರ ಮುಂದಿದೆ) ಅದು ಹೊರಗಿನಿಂದ ಮಾತ್ರ ಒತ್ತುವ ಪರಿಪೂರ್ಣ ದ್ರವ. ಸ್ಫಟಿಕ ಹಠಾತ್ತಾಗಿ ಕುಗ್ಗಿದಾಗ ಪಾದರಸ ಆ ಜಾಗ ತುಂಬುತ್ತದೆ, ಗ್ರಾಫಿನಲ್ಲಿ ಮೆಟ್ಟಿಲು ಕಾಣುತ್ತದೆ.

ಮೋಸ ಹೋಗುವುದೂ ಇಲ್ಲೇ. ರಂಧ್ರದ ವ್ಯಾಸ ನ್ಯಾನೊಮೀಟರಿನಲ್ಲಿ ಸುಮಾರು 1490 ಭಾಗಿಸು ಮೆಗಾಪಾಸ್ಕಲ್ ಎಂಬ ಲೆಕ್ಕ ಇಟ್ಟುಕೊಳ್ಳಿ (ಸ್ಪರ್ಶಕೋನ 140 ಡಿಗ್ರಿ ಎಂದುಕೊಂಡು). ನಿಮ್ಮ ಪುಡಿಯ ಕಣಗಳು ನೂರಿನ್ನೂರು ನ್ಯಾನೊಮೀಟರ್ ಇದ್ದರೆ ಕಣಗಳ ನಡುವಿನ ಸಂದುಗಳು 40-50 ನ್ಯಾನೊಮೀಟರ್ ಆಗಬಹುದು. ಪಾದರಸ ಅವುಗಳಿಗೆ ನುಗ್ಗುವುದು 30-37 ಮೆಗಾಪಾಸ್ಕಲ್‌ಗೆ. ಜಿಫ್-8ರ ಬಳಗದ ಸತುವಿನ ಜಿಫ್-4 ರಂಧ್ರ ಮುಚ್ಚಿಕೊಳ್ಳುವುದು ಸುಮಾರು 28 ಮೆಗಾಪಾಸ್ಕಲ್‌ಗೆ, ಕೋಬಾಲ್ಟಿನ ಜಿಫ್-4 ಸುಮಾರು 50ಕ್ಕೆ. ಎರಡು ಮೆಟ್ಟಿಲುಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಪರಿಹಾರ: ಮೈಕ್ರಾನ್ ಗಾತ್ರದ ಕಣ ಬಳಸಿ, ಒತ್ತಡ ಏರಿಸಿ ಇಳಿಸುವ ಆವರ್ತವನ್ನು ಕನಿಷ್ಠ ಎರಡು ಸಲ ಓಡಿಸಿ. ಸಂದು ತುಂಬಿದ ಪಾದರಸ ಬಹುಪಾಲು ಅಲ್ಲೇ ಉಳಿಯುವುದರಿಂದ ಎರಡನೇ ಆವರ್ತದಲ್ಲಿ ಆ ಮೆಟ್ಟಿಲು ಬಹಳ ಕುಗ್ಗುತ್ತದೆ. ಹಿಂದಿರುಗಬಲ್ಲ ರಚನಾ ಬದಲಾವಣೆ ಮಾತ್ರ ಮತ್ತೆ ಅದೇ ಒತ್ತಡದಲ್ಲಿ ಬರುತ್ತದೆ.

ಮಾದರಿಯಿಲ್ಲದೆ ಪಾದರಸವನ್ನಷ್ಟೇ ಒತ್ತುವ ಖಾಲಿ ಓಟವನ್ನೂ ಬಿಡಬೇಡಿ. 400 ಮೆಗಾಪಾಸ್ಕಲ್‌ಗೆ ಪಾದರಸವೇ ಸುಮಾರು ಶೇ 1.6ರಷ್ಟು ಕುಗ್ಗುತ್ತದೆ. ಗಾಜು ಕುಗ್ಗುವುದು, ಒತ್ತುವಾಗ ಬಿಸಿಯಾಗುವುದು ಅದನ್ನು ಅಷ್ಟಿಷ್ಟು ಸರಿದೂಗಿಸುತ್ತವೆ, ಪೂರ್ತಿಯಲ್ಲ. 0.2 ಗ್ರಾಂ ಮಾದರಿಯಲ್ಲಿ ನೀವು ಹುಡುಕುತ್ತಿರುವ ಬದಲಾವಣೆ 0.05 ಘನ ಸೆಂಟಿಮೀಟರ್ ಆಸುಪಾಸಿನದು. ತಿದ್ದುಪಡಿಯೂ ಅದರ ಹತ್ತಿರಕ್ಕೆ ಬರಬಲ್ಲದು. ಬೆಳ್ಳಿ, ಚಿನ್ನ ಇರುವ ಚೌಕಟ್ಟುಗಳನ್ನು ಪಾದರಸಕ್ಕೆ ಹಾಕಬೇಡಿ, ಮಿಶ್ರಲೋಹವಾಗುತ್ತದೆ. ಬಳಸಿದ ಮಾದರಿ ಅಪಾಯಕಾರಿ ತ್ಯಾಜ್ಯ. ಅದನ್ನು ಬಿಸಿಮಾಡಿ ಶುದ್ಧಗೊಳಿಸುವ ಯೋಚನೆ ಬೇಡವೇ ಬೇಡ.

ಆಘಾತ ಹೀರಲು: ಮುಚ್ಚಿಕೊಳ್ಳುವ ಚೌಕಟ್ಟೋ, ನೀರು ನುಗ್ಗುವ ಚೌಕಟ್ಟೋ?

ಒಂದು ಮೆಗಾಪಾಸ್ಕಲ್ ಒತ್ತಡದಲ್ಲಿ ಒಂದು ಘನ ಸೆಂಟಿಮೀಟರ್ ಕುಗ್ಗಿದರೆ ಒಂದು ಜೂಲ್ ಕೆಲಸ. ಈ ಲೆಕ್ಕ ಸಾಕು. 100 ಮೆಗಾಪಾಸ್ಕಲ್‌ಗೆ ಗ್ರಾಂಗೆ 0.3 ಘನ ಸೆಂಟಿಮೀಟರ್ ಕುಗ್ಗುವ ಪದಾರ್ಥ ಗ್ರಾಂಗೆ 30 ಜೂಲ್ ಹಿಡಿಯುತ್ತದೆ. ಒತ್ತಡ ಇಳಿಸಿದಾಗ ಅಷ್ಟನ್ನೂ ಹಿಂದಿರುಗಿಸಿದರೆ ಅದು ಸ್ಪ್ರಿಂಗ್. ಒಂದಿಷ್ಟನ್ನು ಶಾಖವಾಗಿ ಕಳೆದರೆ ಡ್ಯಾಂಪರ್. ಏನನ್ನೂ ಕೊಡದೆ ಕುಗ್ಗಿಯೇ ಉಳಿದರೆ ಒಂದೇ ಸಲದ ಬಂಪರ್. ಬೇಕಾದದ್ದು ಈ ಮೂರರಲ್ಲಿ ಯಾವುದು ಎಂದು ಮೊದಲು ಗೊತ್ತುಮಾಡಿಕೊಳ್ಳಿ.

ಮಿಲ್-53ರ ರಚನೆ ಅಂಗಡಿಗಳ ಮಡಚುವ ಕಬ್ಬಿಣದ ಗೇಟಿನಂತೆ. ವಜ್ರಾಕೃತಿಯ ಕಿಂಡಿಗಳು, ಮೂಲೆಗಳಲ್ಲಿ ಲೋಹದ ಸರಪಳಿ, ಬದಿಗಳಲ್ಲಿ ಟೆರೆಫ್ತಾಲೇಟ್ ಲಿಂಕರ್. ಒತ್ತಿದಾಗ ಕಿಂಡಿ ಚಪ್ಪಟೆಯಾಗುತ್ತದೆ, ಲಿಂಕರ್ ಮುರಿಯುವುದಿಲ್ಲ. ಲೋಹ ಬದಲಾದರೆ ನಡತೆಯೂ ಬದಲು. ಕ್ರೋಮಿಯಂ ಮಿಲ್-53 ಸುಮಾರು 55 ಮೆಗಾಪಾಸ್ಕಲ್‌ಗೆ ಮುಚ್ಚಿಕೊಂಡು, ಒತ್ತಡ ತೆಗೆದರೆ ಮರಳಿ ತೆರೆಯುತ್ತದೆ. ಅಲ್ಯೂಮಿನಿಯಂ ಮಿಲ್-53 ಅದಕ್ಕಿಂತ ಬಹಳ ಕಡಿಮೆಗೆ, 13-18 ಮೆಗಾಪಾಸ್ಕಲ್‌ಗೇ ಮುಚ್ಚಿಕೊಳ್ಳುತ್ತದೆ, ಆದರೆ ಮರಳುವುದಿಲ್ಲ. ಅದು ಬಂಪರ್. ವೆನೇಡಿಯಂ ಇರುವ ಮಿಲ್-47 85 ರಿಂದ 125 ಮೆಗಾಪಾಸ್ಕಲ್‌ವರೆಗೆ ತಡೆದು, ನಂತರ ಕುಗ್ಗಿ, ಮರಳುತ್ತದೆ. ಗ್ರಾಂಗೆ ಸುಮಾರು 33 ಜೂಲ್ ಇದರ ಲೆಕ್ಕ. ಅಲ್ಯೂಮಿನಿಯಂ ಫ್ಯೂಮರೇಟ್ ಸುಮಾರು 110 ಮೆಗಾಪಾಸ್ಕಲ್‌ಗೆ ಕುಗ್ಗಿ ಗ್ರಾಂಗೆ 60 ಜೂಲ್‌ವರೆಗೆ ಹಿಡಿಯುತ್ತದೆ, ಒತ್ತಡ ಇಳಿದಾಗ ಮರಳುತ್ತದೆ.

ಒಣ ಪುಡಿಯ ಗುಂಪಿನಿಂದ ಒಂದನ್ನೇ ಆರಿಸಬೇಕಾದರೆ ಅಲ್ಯೂಮಿನಿಯಂ ಫ್ಯೂಮರೇಟ್ ಆರಿಸಿ. ಅಂಕಿ ದೊಡ್ಡದೆಂದು ಮಾತ್ರವಲ್ಲ. ಅದನ್ನು ನೀರಿನಲ್ಲೇ ತಯಾರಿಸಬಹುದು, ಲೋಹ ಅಗ್ಗ, ವೆನೇಡಿಯಂನ ವಿಷದ ಚಿಂತೆಯಿಲ್ಲ.

ಈ ಕುಟುಂಬದಲ್ಲಿ ಪ್ರಯೋಗ ಕೆಡುವುದು ಬಹುತೇಕ ತೇವದಿಂದ. ಮಿಲ್-53ರ ಲೋಹ ಸರಪಳಿಯಲ್ಲಿ ಹೈಡ್ರಾಕ್ಸಿಲ್ ಸೇತುವೆಗಳಿವೆ. ಗಾಳಿಯ ನೀರನ್ನು ಅವು ಹಿಡಿದುಕೊಂಡು, ಒತ್ತುವ ಮೊದಲೇ ಕಿಂಡಿ ಮುಚ್ಚಿಕೊಂಡಿರುತ್ತದೆ. ಪಾದರಸದಲ್ಲಿ ಮೆಟ್ಟಿಲು ಬರಲಿಲ್ಲ ಎಂದರೆ ಪದಾರ್ಥ ಕೆಟ್ಟಿದೆ ಎಂದುಕೊಳ್ಳುವ ಮುನ್ನ ಎಕ್ಸ್-ಕಿರಣ ವಿವರ್ತನೆಯಲ್ಲಿ (ಸ್ಫಟಿಕ ರಚನೆ ತೋರಿಸುವ ಪರೀಕ್ಷೆಯಲ್ಲಿ) ಅದು ತೆರೆದ ರೂಪದಲ್ಲಿದೆಯೇ ನೋಡಿ. ಹೊಸದಾಗಿ ತಯಾರಿಸಿದ ಅಲ್ಯೂಮಿನಿಯಂ ಮಿಲ್-53ರ ರಂಧ್ರಗಳಲ್ಲಿ ಉಳಿಕೆ ಟೆರೆಫ್ತಾಲಿಕ್ ಆಮ್ಲ ತುಂಬಿರುತ್ತದೆ. ಅದನ್ನು 330 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ ಕಾಯಿಸಿ ತೆಗೆಯುವುದು ಮೂಲ ವಿಧಾನ. ಮಿಲ್-47ರಲ್ಲಿ ಹೈಡ್ರಾಕ್ಸಿಲ್ ಜಾಗದಲ್ಲಿ ಬರಿಯ ಆಕ್ಸಿಜನ್ ಇರುವುದರಿಂದ ತೇವಕ್ಕೆ ಅದು ಮುಚ್ಚಿಕೊಳ್ಳುವುದಿಲ್ಲ. ಒಣ ವಾತಾವರಣದ ಸೌಲಭ್ಯ ಇಲ್ಲದಿದ್ದರೆ ಇದು ದೊಡ್ಡ ಅನುಕೂಲ.

ಇನ್ನೊಂದು ದಾರಿಯಲ್ಲಿ ಚೌಕಟ್ಟು ಕುಗ್ಗುವುದೇ ಇಲ್ಲ. ನೀರನ್ನು ದ್ವೇಷಿಸುವ ರಂಧ್ರದೊಳಗೆ ನೀರನ್ನು ಬಲವಂತವಾಗಿ ತಳ್ಳುವುದೇ ಇಲ್ಲಿ ಕೆಲಸ. ಸಿಲಿಕಲೈಟ್-1 ಎಂಬ ಶುದ್ಧ ಸಿಲಿಕಾದ ಜಿಯೊಲೈಟ್‌ಗೆ (ಖನಿಜ ಜಾತಿಯ ಸರಂಧ್ರ ಸ್ಫಟಿಕಕ್ಕೆ) ಸುಮಾರು 96 ಮೆಗಾಪಾಸ್ಕಲ್‌ನಲ್ಲಿ ನೀರು ನುಗ್ಗುತ್ತದೆ, ಇಳಿಸಿದಾಗ ಹೆಚ್ಚೂ ಕಡಿಮೆ ಅದೇ ಒತ್ತಡದಲ್ಲಿ ಹೊರಬರುತ್ತದೆ. ಗ್ರಾಂಗೆ 10 ಜೂಲ್ ಆಸುಪಾಸಿನ ಅಚ್ಚುಕಟ್ಟಾದ ಸ್ಪ್ರಿಂಗ್. ಜಿಫ್-8ಕ್ಕೆ ಸುಮಾರು 27 ಮೆಗಾಪಾಸ್ಕಲ್ ಸಾಕು. ನೀರು ಹೊರಬರುವುದು ಅದಕ್ಕಿಂತ ಕಡಿಮೆ ಒತ್ತಡದಲ್ಲಿ. ಹಾಗಾಗಿ ಒಂದಷ್ಟು ಶಕ್ತಿ ಪ್ರತಿ ಆವರ್ತದಲ್ಲೂ ಶಾಖವಾಗುತ್ತದೆ. ಹಿಡಿಯುವುದು ಗ್ರಾಂಗೆ ಸುಮಾರು 13 ಜೂಲ್. ನೀರಿಗೆ ಉಪ್ಪು ಬೆರೆಸಿ ನುಗ್ಗುವ ಒತ್ತಡವನ್ನು ಮೇಲಕ್ಕೇರಿಸಬಹುದು. ಒಣ ಚೌಕಟ್ಟಿನಲ್ಲಿ ಇಂಥ ಹೊಂದಾಣಿಕೆಗೆ ಲೋಹವನ್ನೋ ಲಿಂಕರನ್ನೋ ಬದಲಿಸಬೇಕು.

ಈ ಅಂಕಿಗಳೆಲ್ಲ ಒಣ ಪುಡಿಯ ಗ್ರಾಂ ಲೆಕ್ಕ. ಜೊತೆಗಿರುವ ನೀರು, ಸಿಲಿಂಡರ್, ಸೀಲುಗಳ ತೂಕ ಸೇರಿಸಿದರೆ ಚಿತ್ರ ಬದಲಾಗುತ್ತದೆ. ಜಿಫ್-8 ನೀರಿನಲ್ಲಿ, ಅದರಲ್ಲೂ ಪುಡಿ ಕಡಿಮೆ ನೀರು ಹೆಚ್ಚು ಇದ್ದಾಗ, ನಿಧಾನವಾಗಿ ಕರಗಿ ಒಡೆಯುತ್ತದೆ. ಸಾವಿರಾರು ಆವರ್ತಗಳ ಡ್ಯಾಂಪರಿಗೆ ಅದು ಚಿಂತೆಯ ವಿಷಯ. ಸಿಲಿಕಲೈಟ್‌ನಲ್ಲಿ ಕೆಡುಕು ಬೇರೆ. ರಚನೆಯಲ್ಲಿ ಸಿಲನಾಲ್ ದೋಷಗಳಿದ್ದರೆ (ಸಿಲಿಕಾನ್‌ಗೆ ಹೈಡ್ರಾಕ್ಸಿಲ್ ಅಂಟಿದ ಜಾಗಗಳಿದ್ದರೆ) ಅವು ನೀರನ್ನು ಹಿಡಿದಿಟ್ಟುಕೊಂಡು ಸ್ಪ್ರಿಂಗ್ ಗುಣ ಹಾಳುಮಾಡುತ್ತವೆ. ಫ್ಲೋರೈಡ್ ವಿಧಾನದಲ್ಲಿ ತಯಾರಿಸಿದ್ದು ಕೇಳಿ ಪಡೆಯಿರಿ, ದೋಷಗಳು ಕಡಿಮೆ.

ಒತ್ತಿದರೆ ಉದ್ದವಾಗುವುದು ಬೇಕಿದ್ದರೆ

ಎಲ್ಲ ಕಡೆಯಿಂದ ಒತ್ತಿದಾಗ ಒಂದು ದಿಕ್ಕಿನಲ್ಲಿ ಉದ್ದವಾಗುವ ಗುಣಕ್ಕೆ ಋಣಾತ್ಮಕ ರೇಖೀಯ ಸಂಪೀಡ್ಯತೆ ಎಂದು ಹೆಸರು. ಅದರ ಅಂಕಿಗಳನ್ನು ‘ಪ್ರತಿ ಟೆರಾಪಾಸ್ಕಲ್‌ಗೆ’ ಎಂದು ಬರೆಯುತ್ತಾರೆ. 1 ಎಂದರೆ ಪ್ರತಿ ಗಿಗಾಪಾಸ್ಕಲ್‌ಗೆ ಉದ್ದದಲ್ಲಿ ಶೇ 0.1 ಬದಲಾವಣೆ. ಮಾಮೂಲಿ ಸ್ಫಟಿಕಗಳು 5-20ರಷ್ಟು ಕುಗ್ಗುತ್ತವೆ.

ದೊಡ್ಡ ಅಂಕಿಗೆ ಮರುಳಾಗದಿರುವುದು ಇಲ್ಲಿ ಮುಖ್ಯ. ಬೆಳ್ಳಿ-ಕೋಬಾಲ್ಟ್ ಸಯನೈಡ್ ಒಂದರಲ್ಲಿ 2008ರಲ್ಲಿ ಕಂಡದ್ದು ಋಣ 76. ಆದರೆ 0.19 ಗಿಗಾಪಾಸ್ಕಲ್‌ಗೇ ಅದರ ರೂಪ ಬದಲಾಗಿ, ಆಮೇಲೆ ಉಳಿಯುವುದು ಋಣ 5.3. ಮೊದಲ ಹಂತದ ಒಟ್ಟು ಹಿಗ್ಗುವಿಕೆ ಶೇ 1.4 ಮಾತ್ರ. 2013ರಲ್ಲಿ ವರದಿಯಾದ ಸತು ಡೈಸಯನೊಆರೇಟ್‌ನದು ಋಣ 42, ಮೇಲ್ನೋಟಕ್ಕೆ ಕಡಿಮೆ. ಆದರೆ ಅದು 1.8 ಗಿಗಾಪಾಸ್ಕಲ್‌ವರೆಗೆ ನಡೆಯುವುದರಿಂದ ಒಟ್ಟು ಹಿಗ್ಗುವಿಕೆ ಶೇ 7ರ ಮೇಲೆ. ಚಿನ್ನದ ಪರಮಾಣುಗಳ ಸುರುಳಿಗಳು ಸ್ಪ್ರಿಂಗಿನಂತೆ ಕುಗ್ಗಿದಾಗ ಚೌಕಟ್ಟು ಇನ್ನೊಂದು ದಿಕ್ಕಿಗೆ ಚಾಚಿಕೊಳ್ಳುತ್ತದೆ. ಅಮೋನಿಯಂ ಸತು ಫಾರ್ಮೇಟ್ ಋಣ 1.8, ಸುಮಾರು 0.94 ಗಿಗಾಪಾಸ್ಕಲ್‌ವರೆಗೆ. ಒಟ್ಟು ಶೇ 0.17. ತಯಾರಿಸಲು ಸುಲಭ, ಪಾಠಕ್ಕೆ ಚೆನ್ನ, ಉಪಕರಣಕ್ಕೆ ಸಾಲದು.

ಆದ್ದರಿಂದ ಹೋಲಿಸಬೇಕಾದದ್ದು ಇಳಿಜಾರನ್ನಲ್ಲ. ಇಳಿಜಾರನ್ನು ಅದು ಚಾಲ್ತಿಯಲ್ಲಿರುವ ಒತ್ತಡದ ವ್ಯಾಪ್ತಿಯಿಂದ ಗುಣಿಸಿ ಬಂದ ಒಟ್ಟು ಉದ್ದವನ್ನು. ಹತ್ತಿಪ್ಪತ್ತು ಮೆಗಾಪಾಸ್ಕಲ್ ವ್ಯಾಪ್ತಿಯ ಸಂವೇದಕಕ್ಕೆ ಮಾತ್ರ ಮೊದಲ ಪದಾರ್ಥ ಮೇಲು.

ಈ ಮೂರೂ ದಟ್ಟ ಚೌಕಟ್ಟುಗಳು, ಅನಿಲ ಹಿಡಿಯುವ ಖಾಲಿ ಜಾಗ ಇವುಗಳಲ್ಲಿ ಇಲ್ಲ. ನಿಜವಾಗಿ ಖಾಲಿ ರಂಧ್ರಗಳಿರುವುದೇ ಬೇಕೆಂದರೆ ಅಮೈನೊ ಗುಂಪು ಸೇರಿಸಿದ ಅಲ್ಯೂಮಿನಿಯಂ ಮಿಲ್-53 ಇದೆ. ಋಣ 28ರ ಆಸುಪಾಸು, ಅದೇ ಮಡಚುವ ಕಿಂಡಿಯ ಯಾಂತ್ರಿಕತೆ. ಕಿಂಡಿ ಒಂದು ದಿಕ್ಕಿಗೆ ಚಪ್ಪಟೆಯಾದಾಗ ಇನ್ನೊಂದು ದಿಕ್ಕಿಗೆ ಉದ್ದವಾಗುತ್ತದೆ. ಆದರೆ ಒಳನುಗ್ಗುವ ದ್ರವದಲ್ಲಿ ಅಳೆದರೆ ಕಿಂಡಿ ತುಂಬಿಕೊಂಡು ಈ ಗುಣ ಮಂಕಾಗಬಹುದು. ಪುಡಿಯಾಗಿ ಬಳಸಿದರೂ ಉಪಯೋಗವಿಲ್ಲ. ಹರಳುಗಳ ದಿಕ್ಕು ಅಡ್ಡಾದಿಡ್ಡಿ ಇರುವಾಗ ಹಿಗ್ಗುವಿಕೆ ಒಂದನ್ನೊಂದು ಹೊಡೆದುಹಾಕಿ, ಒಟ್ಟಾರೆ ಕುಗ್ಗುವಿಕೆಯಷ್ಟೇ ಉಳಿಯುತ್ತದೆ. ಒಂಟಿ ಹರಳು ಅಥವಾ ಒಂದೇ ದಿಕ್ಕಿಗೆ ಜೋಡಿಸಿದ ಪದರವೇ ಬೇಕು.

ಕುಗ್ಗಲೇಬಾರದು ಎಂದಾದರೆ: ಮಾತ್ರೆ ಒತ್ತುವಾಗ

ಅನಿಲ ಸಂಗ್ರಹಕ್ಕೆ ಪುಡಿಯನ್ನು ಮಾತ್ರೆ ಮಾಡುವವರಿಗೆ ಮೇಲಿನ ವಿಚಿತ್ರ ಗುಣಗಳೆಲ್ಲ ತೊಂದರೆಯೇ. ಮೊದಲು ಪ್ರೆಸ್ಸಿನ ಗೇಜನ್ನು ಅರ್ಥಮಾಡಿಕೊಳ್ಳಿ. 13 ಮಿಲಿಮೀಟರ್ ಅಚ್ಚಿನ ಮೇಲೆ 1 ಟನ್ ಎಂದರೆ 74 ಮೆಗಾಪಾಸ್ಕಲ್. 5 ಟನ್ ಎಂದರೆ 370. ಅಂದರೆ ಜಿಫ್-8 ಕುಸಿಯುವ ಮಿತಿ ದಾಟಿತು. ಅಚ್ಚಿನಲ್ಲಿ ಒತ್ತಡ ಮೇಲಿನಿಂದ ಕೆಳಕ್ಕೆ ಮಾತ್ರ ಇರುವುದರಿಂದ ಶಿಯರ್ ಸೇರಿಕೊಂಡು ಹಾನಿ ಇನ್ನೂ ಮೊದಲೇ ಶುರುವಾಗುತ್ತದೆ.

ಮಾಫ್-5 ಎಂಬ ಚೌಕಟ್ಟು ಈ ಕೆಲಸಕ್ಕೆ ತೀರಾ ಸೂಕ್ಷ್ಮ. 3.5 ಮೆಗಾಪಾಸ್ಕಲ್‌ಗೇ ಅಸ್ಫಟಿಕವಾಗುತ್ತದೆ, ಜೊತೆಗೆ ತೇವವೂ ಆಗದು. ಜಿರ್ಕೋನಿಯಂನ ಯುಐಒ-66ರಲ್ಲಿ ಪ್ರತಿ ಲೋಹದ ಗೊಂಚಲಿಗೆ ಹನ್ನೆರಡು ಲಿಂಕರ್‌ಗಳು ಕಟ್ಟಿಕೊಂಡಿವೆ. ಲೆಕ್ಕಾಚಾರದ ಪ್ರಕಾರ ಇದರ ಕನಿಷ್ಠ ಶಿಯರ್ ಮಾಡ್ಯುಲಸ್ 13.7 ಗಿಗಾಪಾಸ್ಕಲ್, ಮಾಫ್-5ರದು 1.16. ಗಟ್ಟಿ ಮಾತ್ರೆ ಬೇಕೆಂದರೆ ಯುಐಒ-66 ಬಿಟ್ಟು ಬೇರೆ ಕಡೆ ನೋಡಲು ಬಲವಾದ ಕಾರಣ ಇರಬೇಕು. ಒಂದು ಎಚ್ಚರಿಕೆ: ಈ ಅಂಕಿ ದೋಷರಹಿತ ಸ್ಫಟಿಕದ್ದು. ಮೇಲ್ಮೈ ವಿಸ್ತಾರ ಹೆಚ್ಚಿಸಲೆಂದು ಆಮ್ಲ ಬೆರೆಸಿ ತಯಾರಿಸಿದ ಯುಐಒ-66ರಲ್ಲಿ ಲಿಂಕರ್‌ಗಳು ಅಲ್ಲಲ್ಲಿ ಇರುವುದೇ ಇಲ್ಲ, ಅಷ್ಟರಮಟ್ಟಿಗೆ ಅದು ಮೆತ್ತಗೆ.

ಮೆತ್ತನೆಯ ಚೌಕಟ್ಟನ್ನೇ ಒತ್ತಬೇಕಾಗಿ ಬಂದರೆ ರಂಧ್ರಗಳನ್ನು ಪೂರ್ತಿ ಖಾಲಿ ಮಾಡಿ ಒತ್ತಬೇಡಿ. ಸ್ವಲ್ಪ ದ್ರಾವಕ ಉಳಿಸಿ ಒತ್ತಿ, ಆಮೇಲೆ ನಿರ್ವಾತದಲ್ಲಿ ತೆಗೆಯಿರಿ. ಒಳಗಿನ ಅಣುಗಳು ಆಸರೆಯಾಗುತ್ತವೆ. 25 ಮೆಗಾಪಾಸ್ಕಲ್‌ನಿಂದ ಶುರುಮಾಡಿ ಹಂತಹಂತವಾಗಿ ಏರಿಸಿ, ಪ್ರತಿ ಹಂತದ ಮಾತ್ರೆಯ ಸಾಂದ್ರತೆ, ವಿವರ್ತನೆ ಮತ್ತು 77 ಕೆಲ್ವಿನ್‌ನ ನೈಟ್ರೋಜನ್ ಮೇಲ್ಮೈ ವಿಸ್ತಾರ ಮೂರನ್ನೂ ದಾಖಲಿಸಿ. ವಿವರ್ತನೆಯೊಂದೇ ಸಾಲದು. ಕಾಲುಭಾಗ ಕುಸಿದಿದ್ದರೂ ಉಳಿದ ಮುಕ್ಕಾಲಿನ ಶಿಖರಗಳು ತಮ್ಮ ಜಾಗದಲ್ಲೇ ಚೆನ್ನಾಗಿ ಕಾಣುತ್ತವೆ.

ಒತ್ತಡ ಏರಿದಾಗ ಅನಿಲ ಉಗುಳುವುದು

ಡಿಯುಟಿ-49 ಈ ಗುಂಪಿನ ಅತಿ ವಿಚಿತ್ರ ಸದಸ್ಯ. 2016ರಲ್ಲಿ ಪ್ರಕಟವಾದಂತೆ, 111 ಕೆಲ್ವಿನ್‌ನಲ್ಲಿ ಮೀಥೇನ್ ಹೀರುತ್ತಾ ಹೋಗುವ ಈ ತಾಮ್ರದ ಚೌಕಟ್ಟು ಒಂದು ಹಂತದಲ್ಲಿ ತಟ್ಟನೆ ಮುದುಡಿ, ಹೀರಿದ್ದರಲ್ಲಿ ಒಂದಷ್ಟನ್ನು ಹೊರಕ್ಕೆ ಕಾರುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಏರುತ್ತದೆ. ಅನಿಲ ಒತ್ತಡ ವರ್ಧಕದ ಕನಸಿಗೆ ಇದೊಂದು ದಾರಿ. ಬೇರೆ ಯಾವ ಕೆಲಸಕ್ಕೂ ಇದನ್ನು ಆರಿಸುವುದು ದಂಡ. ಹರಳುಗಳು ಒಂದು ಮೈಕ್ರಾನ್‌ಗಿಂತ ದೊಡ್ಡವಿರಬೇಕು, ಚಿಕ್ಕವಾದರೆ ಉಗುಳುವ ಗುಣ ಮಾಯ. ರಂಧ್ರ ಖಾಲಿ ಮಾಡಲು ಸೂಪರ್‌ಕ್ರಿಟಿಕಲ್ ಇಂಗಾಲದ ಡೈಆಕ್ಸೈಡ್ ಬೇಕು. ದ್ರಾವಕವನ್ನು ನೇರವಾಗಿ ಒಣಗಿಸಿದರೆ ಮೇಲ್ಮೈ ಎಳೆತಕ್ಕೇ ಚೌಕಟ್ಟು ಮುದುಡುತ್ತದೆ.

ಒಳಗೆ ಕೂಡಿಹಾಕಲು

ಕುಸಿಯುವುದನ್ನೇ ಕೆಲಸಕ್ಕೆ ಹಚ್ಚಬಹುದು. ಅಯೋಡಿನ್ ಹೀರಿಸಿದ ಜಿಫ್-8ನ್ನು ಒತ್ತಿ ಅಸ್ಫಟಿಕ ಮಾಡಿದರೆ ಕಿಟಕಿಗಳು ವಿಕಾರಗೊಂಡು ಅಯೋಡಿನ್ ಒಳಗೇ ಸಿಕ್ಕಿಬೀಳುತ್ತದೆ. 2011ರಲ್ಲಿ ತೋರಿಸಿದ ಈ ಉಪಾಯ ಅಣುಸ್ಥಾವರಗಳ ವಿಕಿರಣಶೀಲ ಅಯೋಡಿನ್ ಹಿಡಿಯುವ ದೃಷ್ಟಿಯಿಂದ ಬಂದದ್ದು. ಒತ್ತುವ ಮೊದಲು ಹರಳಿನ ಹೊರಮೈಗೆ ಅಂಟಿದ ಅಯೋಡಿನ್ನನ್ನು ನಯವಾಗಿ ಕಾಯಿಸಿ ತೆಗೆಯಿರಿ, ಇಲ್ಲವಾದರೆ ‘ಸೋರಿಕೆ’ಯ ಅಂಕಿಯಲ್ಲಿ ಅದೂ ಸೇರಿಕೊಳ್ಳುತ್ತದೆ. ನಂತರ ಒತ್ತಿದ್ದನ್ನೂ ಒತ್ತದಿದ್ದುದನ್ನೂ ಒಂದೇ ವೇಗದಲ್ಲಿ ಬಿಸಿಮಾಡಿ ತೂಕ ಇಳಿಯುವ ತಾಪಮಾನ ಹೋಲಿಸಿ.

ಜಿಯೊಲೈಟ್ ದಾರಿ ಇದಕ್ಕೆ ವಿರುದ್ಧ. ನ್ಯಾಟ್ರೊಲೈಟ್ ಎಂಬ ಜಿಯೊಲೈಟನ್ನು ನೀರಿರುವ ಮಾಧ್ಯಮದಲ್ಲಿ ಒತ್ತಿದರೆ 0.8 ರಿಂದ 1.5 ಗಿಗಾಪಾಸ್ಕಲ್ ನಡುವೆ ಅದು ಹಿಗ್ಗುತ್ತದೆ. ಯೂನಿಟ್ ಸೆಲ್‌ನಲ್ಲಿ 16 ಇದ್ದ ನೀರಿನ ಅಣುಗಳು 32 ಆಗುತ್ತವೆ. ಒತ್ತಡ ಇಳಿಸಿದರೆ ಹೆಚ್ಚುವರಿ ನೀರು ಹೊರಬರುತ್ತದೆ. ಒಳಗೇ ಉಳಿಯಬೇಕೆಂದರೆ ಬೆಳ್ಳಿ ತುಂಬಿದ ನ್ಯಾಟ್ರೊಲೈಟ್ ಬೇಕು. 1.7 ಗಿಗಾಪಾಸ್ಕಲ್, 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರೊಳಗೆ ಹೋದ ಕ್ಸೆನಾನ್ ಒತ್ತಡ ತೆಗೆದ ಮೇಲೂ ಹೊರಬರಲಿಲ್ಲ ಎಂದು 2014ರಲ್ಲಿ ವರದಿಯಾಗಿದೆ. ಆದರೆ ಅಂಥ ಒತ್ತಡ ಸಿಗುವುದು ಆನ್ವಿಲ್ ಸೆಲ್‌ನಲ್ಲಿ, ಅಲ್ಲಿ ಹಿಡಿಸುವ ಮಾದರಿ ಮೈಕ್ರೊಗ್ರಾಂಗಳ ಲೆಕ್ಕದ್ದು. ದೊಡ್ಡ ಪ್ರೆಸ್ಸುಗಳಲ್ಲಿ ಪ್ರಮಾಣ ಹೆಚ್ಚಿಸಬಹುದಾದರೂ ಖರ್ಚು ಬಹಳ. ಕಿಲೋಗ್ರಾಂ ಲೆಕ್ಕದಲ್ಲಿ ಕೂಡಿಹಾಕಬೇಕಿದ್ದರೆ ಮಾಮೂಲಿ ಮಾತ್ರೆ ಪ್ರೆಸ್ಸಿನಲ್ಲೇ ಮುಗಿಯುವ ಜಿಫ್-8 ದಾರಿಯೇ ಕೈಗೆಟುಕುವಂಥದು.